ಗಡಿ ಮತ್ತು ಗುಡ್ಡ: ಸವದತ್ತಿ ಯಾತ್ರೆಯ ನೆಲೆಯಿಂದ ಬೆಳಗಾವಿ ವಿವಾದದ ಒಂದು ಪರಿಶೀಲನೆ

ಪುಣ್ಯಕ್ಷೇತ್ರವಿರುವ ಸೀಮೆಯಲ್ಲಿ ನೆಲದ ತಕರಾರು ಎದ್ದಾಗ ಎರಡು ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ: ಆಡಳಿತ ಯಾರದು? ದರ್ಶನಕ್ಕೆ ದಾರಿ ಯಾರಿಗೆ? ಇವನ್ನು ಬಿಡಿಸಿಯೇ ನೋಡಬೇಕು ಎಂಬುದು ಪ್ರಸ್ತುತ ಲೇಖನದ ವಾದ.

ಜೆರುಸಲೇಮಿನ ಉದಾಹರಣೆ ಇಲ್ಲಿ ಉಪಯುಕ್ತ. 1947ರ ನವೆಂಬರ್ 29ರಂದು ವಿಶ್ವಸಂಸ್ಥೆಯ 181ನೇ ನಿರ್ಣಯ ಆ ನಗರಕ್ಕೆ ಅಂತಾರಾಷ್ಟ್ರೀಯ ಆಡಳಿತವನ್ನು ಸೂಚಿಸಿತು. ಯುದ್ಧದಿಂದಾಗಿ ಅದು ಜಾರಿಗೆ ಬರದೆ ನಗರ ಇಬ್ಭಾಗವಾಯಿತು. 1949ರ ಇಸ್ರೇಲ್–ಜೋರ್ಡಾನ್ ಕದನವಿರಾಮ ಒಪ್ಪಂದದ 8ನೇ ವಿಧಿ ಪವಿತ್ರ ಸ್ಥಳಗಳಿಗೆ ಮುಕ್ತ ಪ್ರವೇಶವನ್ನು ಒಪ್ಪಿಕೊಂಡಿತ್ತು. ಅದಕ್ಕೆ ವ್ಯವಸ್ಥೆ ರೂಪಿಸಬೇಕಿದ್ದ ಜಂಟಿ ಸಮಿತಿಯಿಂದ ಆ ಕೆಲಸ ಆಗಲಿಲ್ಲ. 1967ರವರೆಗೂ ಇಸ್ರೇಲಿನ ಯಹೂದಿಗಳಿಗೆ ಪಶ್ಚಿಮ ಗೋಡೆ ಎಟುಕಲಿಲ್ಲ.

ಇತ್ತ ಕರ್ನಾಟಕ–ಮಹಾರಾಷ್ಟ್ರಗಳ ನಡುವಿನ ಬೆಳಗಾವಿಯ ವಿವಾದ ಭಾಷೆ ಮತ್ತು ಆಡಳಿತದ್ದು. 1956ರ ನವೆಂಬರ್ 1ರಂದು ಚಂದಗಡ ತಾಲ್ಲೂಕು ಹೊರತಾಗಿ ಬೆಳಗಾವಿ ಜಿಲ್ಲೆ ಮೈಸೂರು (ಇಂದಿನ ಕರ್ನಾಟಕ) ರಾಜ್ಯಕ್ಕೆ ಸೇರಿತು. 1967ರಲ್ಲಿ ಈ ಗಡಿ ವಿವಾದದ ಕುರಿತ ಮಹಾಜನ ಆಯೋಗವು ಬೆಳಗಾವಿ ನಗರ ಮೈಸೂರಿನಲ್ಲೇ ಉಳಿಯಬೇಕೆಂದಿತು. ನಿಪ್ಪಾಣಿ ಮಹಾರಾಷ್ಟ್ರಕ್ಕೆ, ಅಕ್ಕಲಕೋಟೆ ಮೈಸೂರಿಗೆ ಎಂದೂ ಶಿಫಾರಸು ಮಾಡಿತು. ಮಹಾರಾಷ್ಟ್ರ ವರದಿಯನ್ನು ತಿರಸ್ಕರಿಸಿ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು.

ಭಕ್ತಿಯ ಸೀಮೆ ಈ ಗೆರೆಗಳಿಗೆ ಒಳಪಟ್ಟಿಲ್ಲ. ಸವದತ್ತಿ ರಟ್ಟರ ಕಾಲದ ಸುಗಂಧವರ್ತಿ. ಅವರ ರಾಜಧಾನಿ ಇಲ್ಲಿಂದಲೇ ಮುಂದೆ ವೇಣುಗ್ರಾಮಕ್ಕೆ, ಅಂದರೆ ಬೆಳಗಾವಿಗೆ, ಹೋಯಿತು. ಕನ್ನಡ ಸೀಮೆಯ ನಡುವಿನ ಸವದತ್ತಿಯ ಎಲ್ಲಮ್ಮನಗುಡ್ಡದಲ್ಲಿ ಹುಣ್ಣಿಮೆಗೆ ಭಂಡಾರ ಹಾರಿಸಿ ‘ಉಧೋ ಉಧೋ’ ಎನ್ನುವವರಲ್ಲಿ ಬೈಲಹೊಂಗಲ, ರಾಮದುರ್ಗದವರಂತೆ ಕೊಲ್ಲಾಪುರದವರೂ ಇದ್ದಾರೆ. ಕೊಲ್ಲಾಪುರದವರಿಗೆ ಹೊಸ್ತಿಲ ಹುಣ್ಣಿಮೆ ವಿಶೇಷ.

2022ರಲ್ಲಿ ಆ ಹುಣ್ಣಿಮೆ ಬಂದದ್ದು ಡಿಸೆಂಬರ್ 7–8ರಂದು. ಡಿಸೆಂಬರ್ 6ರಂದೇ ಹಿರೇಬಾಗೇವಾಡಿ ಟೋಲ್ ಬಳಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿದ್ದವು. ಮಹಾರಾಷ್ಟ್ರದ ಸರ್ಕಾರಿ ಬಸ್ಸುಗಳ ಕರ್ನಾಟಕ ಸಂಚಾರ ತಾತ್ಕಾಲಿಕವಾಗಿ ನಿಂತಿತು. ದೇಶದೊಳಗೆ ಎಲ್ಲೆಡೆ ಓಡಾಡುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಬಸ್ಸಿಲ್ಲದ ದಿನ ಬಡ ಯಾತ್ರಿಕನಿಗೆ ಆ ಹಕ್ಕಿನಿಂದ ಗುಡ್ಡ ಹತ್ತಿರವಾಗುವುದಿಲ್ಲ. ಡಿಸೆಂಬರ್ 14ರ ದೆಹಲಿ ಸಭೆಯಲ್ಲಿ, ಸುಪ್ರೀಂ ಕೋರ್ಟಿನ ತೀರ್ಪು ಬರುವವರೆಗೆ ಪರಸ್ಪರರ ನೆಲದ ಮೇಲೆ ಹಕ್ಕು ಸಾಧಿಸುವುದಿಲ್ಲವೆಂದು ಎರಡೂ ರಾಜ್ಯಗಳು ಒಪ್ಪಿದವು. ತಲಾ ಮೂವರು ಸಚಿವರ ಸಮಿತಿಗೂ ಒಪ್ಪಿಗೆಯಾಯಿತು. ಆದರೆ ಅದೇ ತಿಂಗಳು ಎರಡೂ ವಿಧಾನಮಂಡಲಗಳು ಪರಸ್ಪರ ವಿರುದ್ಧ ನಿರ್ಣಯ ಅಂಗೀಕರಿಸಿದವು.

ಜೆರುಸಲೇಮಿನಲ್ಲಿ ಸೋತದ್ದು ಪ್ರವೇಶದ ತತ್ವವಲ್ಲ, ಅದನ್ನು ನಡೆಸುವ ವ್ಯವಸ್ಥೆ. ಆದ್ದರಿಂದ ಬೆಳಗಾವಿ–ಕೊಲ್ಲಾಪುರ ಜಿಲ್ಲಾಡಳಿತಗಳು, ಎರಡೂ ಸಾರಿಗೆ ನಿಗಮಗಳು ಹಾಗೂ ದೇವಸ್ಥಾನದ ಆಡಳಿತ ಸೇರಿ ಪ್ರತಿ ಜಾತ್ರೆಗೆ ಮುನ್ನ ಬಸ್ಸು, ಬಂದೋಬಸ್ತುಗಳ ಬಗ್ಗೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ಗಡಿಯ ತೀರ್ಪು ಯಾವಾಗ ಬಂದರೂ, ಯಾರ ಪರವಾಗಿ ಬಂದರೂ, ಆ ಒಪ್ಪಂದ ಊರ್ಜಿತವಾಗಿರಬೇಕು.