ಜನರೇಟರ್ ಮತ್ತು ಇನ್ವರ್ಟರ್: ಎಸಿ ವಿದ್ಯುತ್ತಿನ ಉತ್ಪಾದನೆ

ಕೈಯಲ್ಲಿ ಹೊತ್ತೊಯ್ಯಬಹುದಾದ ಜನರೇಟರ್ ಆಗಲಿ, ಮನೆಯ ಮೂಲೆಯಲ್ಲಿ ಕೂರುವ ಇನ್ವರ್ಟರ್ ಆಗಲಿ ಕೊಡುವುದು ಎಸಿ ವಿದ್ಯುತ್ತನ್ನು, ಎಂದರೆ ದಿಕ್ಕು ಬದಲಿಸುತ್ತಲೇ ಇರುವ ಪ್ರವಾಹವನ್ನು. ಭಾರತದಲ್ಲಿ ಅದು 230 ವೋಲ್ಟ್, 50 ಹರ್ಟ್ಸ್ ಇರಬೇಕು. ಸೆಕೆಂಡಿಗೆ 50 ಸಲ ಹೋಗಿ ಬರಬೇಕು. ಈ ಐವತ್ತನ್ನು ಯಾವುದು ಎಲ್ಲಿಂದ ತರುತ್ತದೆ ಎಂಬುದೇ ಇವೆರಡರ ವ್ಯತ್ಯಾಸ.

ಜನರೇಟರ್ ಅದನ್ನು ಎಂಜಿನ್ನಿನ ವೇಗದಿಂದ ಪಡೆಯುತ್ತದೆ. ಕಾಂತಕ್ಷೇತ್ರ ಬದಲಾದಾಗ ಹತ್ತಿರದ ತಾಮ್ರದ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆಂದು ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿದ ತತ್ತ್ವವೇ ಇಲ್ಲಿಯೂ ಆಧಾರ. ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ರೋಟರನ್ನು ತಿರುಗಿಸುತ್ತದೆ. ರೋಟರಿನಲ್ಲಿರುವ ಕಾಂತದ ಉತ್ತರ, ದಕ್ಷಿಣ ಧ್ರುವಗಳು ಸುತ್ತಲಿನ ಸುರುಳಿಗಳ ಮುಂದೆ ಸರದಿಯಂತೆ ಹಾಯುತ್ತವೆ. ಎರಡೇ ಧ್ರುವವಿದ್ದರೆ ಸುತ್ತಿಗೊಂದು ಆವರ್ತ. ಹಾಗಾಗಿ 50 ಹರ್ಟ್ಸ್ ಬೇಕಾದರೆ ನಿಮಿಷಕ್ಕೆ 3000 ಸುತ್ತು. ನಾಲ್ಕು ಧ್ರುವದ ದೊಡ್ಡ ಡೀಸೆಲ್ ಸೆಟ್ಟಿಗೆ 1500 ಸಾಕು. ಛತ್ರದ ಹಿತ್ತಲಲ್ಲಿ ನಿಂತರೆ ಇದು ಕಿವಿಗೇ ತಿಳಿಯುತ್ತದೆ: ಅಡುಗೆಮನೆಯಲ್ಲಿ ಗ್ರೈಂಡರ್ ಹಾಕಿದೊಡನೆ ಎಂಜಿನ್ ದನಿ ಕುಗ್ಗಿ, ದೀಪಗಳು ಮಂಕಾಗಿ, ಗವರ್ನರ್ ಇಂಧನ ಹೆಚ್ಚಿಸಿದ ಮೇಲೆ ಮೊದಲಿನ ಹದಕ್ಕೆ ಬರುತ್ತವೆ. ಗವರ್ನರ್ ವೇಗ ಕಾಯುತ್ತದೆ. ವೋಲ್ಟೇಜು ಕಾಯುವುದು ಅನೇಕ ಯಂತ್ರಗಳಲ್ಲಿ ಎವಿಆರ್ ಎಂಬ ಸ್ವಯಂಚಾಲಿತ ವೋಲ್ಟೇಜ್ ನಿಯಂತ್ರಕ. ಅದು ರೋಟರಿನ ಕಾಂತಕ್ಕೆ ಹೋಗುವ ಪ್ರವಾಹವನ್ನು ಹೆಚ್ಚುಕಡಿಮೆ ಮಾಡುತ್ತದೆ. ಒಂದೇ ಬಲ್ಬು ಉರಿಯುತ್ತಿದ್ದರೂ 3000 ಸುತ್ತು ತಪ್ಪಿದ್ದಲ್ಲ, ಇಂಧನ ಪೋಲಾಗುವುದೂ ತಪ್ಪಿದ್ದಲ್ಲ.

ಇನ್ವರ್ಟರಿನಲ್ಲಿ, ತಂಪಿಗಿಟ್ಟ ಪುಟ್ಟ ಫ್ಯಾನನ್ನು ಬಿಟ್ಟರೆ, ತಿರುಗುವುದೇನೂ ಇಲ್ಲ. ಬ್ಯಾಟರಿಯ 12 ವೋಲ್ಟ್ ಡಿಸಿಯನ್ನು, ಎಂದರೆ ಒಂದೇ ದಿಕ್ಕಿಗೆ ಹರಿಯುವ ಪ್ರವಾಹವನ್ನು, ಮಾಸ್ಫೆಟ್‌ಗಳೆಂಬ ಎಲೆಕ್ಟ್ರಾನಿಕ್ ಸ್ವಿಚ್ಚುಗಳು ಟ್ರಾನ್ಸ್‌ಫಾರ್ಮರಿನ ಸುರುಳಿಗೆ ಒಮ್ಮೆ ಈ ದಿಕ್ಕಿಗೆ, ಒಮ್ಮೆ ಆ ದಿಕ್ಕಿಗೆ ಹರಿಸುತ್ತವೆ. ಟ್ರಾನ್ಸ್‌ಫಾರ್ಮರ್ 230ಕ್ಕೆ ಏರಿಸುತ್ತದೆ. ಐವತ್ತರ ಎಣಿಕೆ ಒಂದು ಚಿಪ್ಪಿನದು. ಬರೀ ಹೀಗೆ ಅತ್ತಿತ್ತ ತಿರುವಿದರೆ ಸಿಗುವುದು ಚೌಕ ತರಂಗ. ಅಗ್ಗದ ಇನ್ವರ್ಟರಿನಲ್ಲಿ ಓಡುವ ಮನೆಯ ಫ್ಯಾನು ಗುಂಯ್‌ಗುಡುವುದು ಇದರಿಂದಲೇ. ಸೈನ್ ತರಂಗದ ಇನ್ವರ್ಟರ್ 10 ಮಿಲಿಸೆಕೆಂಡಿನ ಅರ್ಧ ಆವರ್ತವನ್ನು ಸಣ್ಣ ಮಿಡಿತಗಳಾಗಿ ಕತ್ತರಿಸುತ್ತದೆ: ಅಂಚಿನಲ್ಲಿ ಕಿರಿದು, ನಡುವಿನಲ್ಲಿ ಅಗಲ. ಫಿಲ್ಟರ್ ಇವನ್ನು ನಯಗೊಳಿಸಿದಾಗ ಲೈನಿನ ಕರೆಂಟಿನಂಥದೇ ಅಲೆ ಬರುತ್ತದೆ. 800 ವಾಟ್ ಲೋಡು 230 ವೋಲ್ಟಿನಲ್ಲಿ ಎಳೆಯುವುದು ಸುಮಾರು 3.5 ಆಂಪಿಯರ್, ಅದೇ 12 ವೋಲ್ಟಿನ ಬ್ಯಾಟರಿಯಿಂದ, ನಷ್ಟ ಸೇರದೆಯೇ, 67 ಆಂಪಿಯರ್. ಬ್ಯಾಟರಿ ವೈರು ಅಷ್ಟು ದಪ್ಪಗಿರುವುದು ಅದಕ್ಕೇ.

ಇನ್ವರ್ಟರ್ ಜನರೇಟರ್ ಈ ಎರಡರ ಬೆಸುಗೆ. ಬಹುಧ್ರುವದ ಶಾಶ್ವತ ಕಾಂತಗಳು ಹುಟ್ಟಿಸಿದ ಎಸಿಯನ್ನು ಮೊದಲು ಡಿಸಿಯಾಗಿಸಿ, ಬಳಿಕ 50 ಹರ್ಟ್ಸ್ ಎಸಿಯಾಗಿ ಕತ್ತರಿಸುತ್ತದೆ. ಎಂಜಿನ್ನಿಗೆ 3000ದ ಕಟ್ಟು ಬಿಟ್ಟುಹೋಗಿ, ಲೋಡು ಕಡಿಮೆಯಿದ್ದಾಗ ಅದು ಮೆಲ್ಲಗೆ ಓಡಬಹುದು.

ಎಂಜಿನ್ನಿನ ಹೊಗೆಯಲ್ಲಿ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಇರುವುದರಿಂದ ಜನರೇಟರನ್ನು ಮನೆಯೊಳಗೆ ಓಡಿಸುವಂತಿಲ್ಲ. ಮನೆಯನ್ನು ಬೀದಿಯ ಲೈನಿನಿಂದ ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ಚಿಲ್ಲದೆ ಮನೆಯ ವೈರಿಂಗಿಗೆ ಜೋಡಿಸುವುದು ಇನ್ನೂ ಕೆಟ್ಟದ್ದು: ಬೀದಿಯ ಟ್ರಾನ್ಸ್‌ಫಾರ್ಮರ್ ಹಿಮ್ಮುಖವಾಗಿಯೂ ಕೆಲಸ ಮಾಡುವುದರಿಂದ, ಕರೆಂಟು ಹೋಗಿದೆಯೆಂದು ಲೈನ್‌ಮನ್ ಹತ್ತಿದ ಕಂಬದ 11,000 ವೋಲ್ಟ್ ತಂತಿಗೆ ಜೀವ ಬಂದುಬಿಡಬಹುದು.