ಆಜ್ಞೆಯೂ ಅಂತಃಸಾಕ್ಷಿಯೂ: ೧೯೩೮ರಲ್ಲಿ ಜರ್ಮನಿಯ ದಂಡನಾಯಕರು

ಸೈನಿಕನಿಗೆ ಆಜ್ಞಾಪಾಲನೆಯೇ ಪರಮಧರ್ಮವೆಂಬುದು ಎಲ್ಲ ದೇಶಗಳಲ್ಲಿಯೂ ಒಪ್ಪಿದ ಮಾತು. ಪ್ರಷ್ಯದ ಸೇನಾಸಂಪ್ರದಾಯದಲ್ಲಿ ಇದಕ್ಕೆ ಇನ್ನೂ ಹೆಚ್ಚಿನ ಮನ್ನಣೆಯಿದ್ದಿತು. ಆ ಸಂಪ್ರದಾಯದಲ್ಲಿಯೇ ಬೆಳೆದು ನರೆತ ದಂಡನಾಯಕರು, ತಮ್ಮ ಒಡೆಯನು ದೇಶವನ್ನು ವಿನಾಶದ ಕಡೆಗೆ ನಡೆಸುತ್ತಿರುವನೆಂದು ಕಂಡಾಗ ಏನು ಮಾಡಿದರು, ಏನನ್ನು ಮಾಡದೆ ಹೋದರು ಎಂಬುದನ್ನು ಇಂದು ನಾವು ವಿಚಾರಿಸೋಣ.

೧೯೩೪ನೆಯ ಇಸವಿ ಆಗಸ್ಟ್ ೨ರಂದು ಜರ್ಮನಿಯ ಅಧ್ಯಕ್ಷ ಹಿಂಡೆನ್‌ಬುರ್ಗ್ ತೀರಿಕೊಂಡನು. ಅಂದೇ ಸೈನಿಕರಿಂದ ಹೊಸದೊಂದು ಪ್ರಮಾಣವನ್ನು ಮಾಡಿಸಲಾಯಿತು. ಅದು ದೇಶಕ್ಕಾಗಲಿ ರಾಜ್ಯಾಂಗಕ್ಕಾಗಲಿ ಕೊಟ್ಟ ವಚನವಲ್ಲ. ಹಿಟ್ಲರನೆಂಬ ಒಬ್ಬ ವ್ಯಕ್ತಿಗೆ ಕೊಟ್ಟ ವಚನ. ಮುಂದೆ ಅನೇಕ ಸೇನಾನಿಗಳ ಕೈಯನ್ನು ಕಟ್ಟಿದ್ದು ಈ ಪ್ರಮಾಣವೇ.

೧೯೩೭ರ ನವೆಂಬರ್ ೫ರಂದು ಹಿಟ್ಲರನು ಬರ್ಲಿನ್ನಿನಲ್ಲಿ ಒಂದು ರಹಸ್ಯಸಭೆಯನ್ನು ಕರೆದು, ಆಸ್ಟ್ರಿಯವನ್ನೂ ಜೆಕೋಸ್ಲೊವಾಕಿಯವನ್ನೂ ವಶಪಡಿಸಿಕೊಳ್ಳುವ ತನ್ನ ಸಂಕಲ್ಪವನ್ನು ತಿಳಿಸಿದನು. ಯುದ್ಧಮಂತ್ರಿ ಬ್ಲೊಂಬೆರ್ಗ್, ಭೂಸೇನೆಯ ಅಧಿಪತಿ ಫ್ರಿಚ್ ಇವರಿಬ್ಬರೂ, ಇಂಗ್ಲೆಂಡು ಫ್ರಾನ್ಸುಗಳನ್ನು ಒಮ್ಮೆಗೇ ಎದುರುಹಾಕಿಕೊಳ್ಳುವುದು ಅಪಾಯಕರವೆಂದು ಆಕ್ಷೇಪಿಸಿದರು. ಮೂರು ತಿಂಗಳು ತುಂಬುವುದರೊಳಗಾಗಿ, ೧೯೩೮ರ ಫೆಬ್ರವರಿ ೪ರಂದು, ಇಬ್ಬರೂ ಪದಚ್ಯುತರಾದರು. ಬ್ಲೊಂಬೆರ್ಗನ ವಿವಾಹದ ಅಪವಾದ ಒಂದು ನೆವವಾಯಿತು. ಫ್ರಿಚ್‌ನ ಮೇಲೆ ಹೊರಿಸಿದ ನಡತೆಯ ಆರೋಪ ಇನ್ನೊಂದು ನೆವವಾಯಿತು. ಆ ಆರೋಪ ಸುಳ್ಳೆಂದು ಮಾರ್ಚಿಯಲ್ಲಿ ವಿಚಾರಣಾಸಭೆಯೇ ತೀರ್ಪಿತ್ತರೂ, ಹೋದ ಅಧಿಕಾರ ಮರಳಿ ಬರಲಿಲ್ಲ. ಸಮಸ್ತ ಸೇನೆಯ ಆಧಿಪತ್ಯವನ್ನು ಹಿಟ್ಲರನು ತಾನೇ ವಹಿಸಿಕೊಂಡನು. ಇಷ್ಟಾದರೂ ಸೇನಾನಿವರ್ಗ ಒಂದಾಗಿ ಮಾತನಾಡಲಿಲ್ಲ.

ಆಗ ಭೂಸೇನೆಯ ಪ್ರಧಾನ ಕಾರ್ಯಾಲಯದ ಮುಖ್ಯಸ್ಥನಾಗಿದ್ದವನು ಲೂಡ್‌ವಿಗ್ ಬೆಕ್. ಈತನು ಮಿತಭಾಷಿ, ವಿದ್ಯಾವಂತ. ೧೯೩೩ರಲ್ಲಿ ಹಿಟ್ಲರನ ಉದಯವನ್ನು ಸ್ವಾಗತಿಸಿದವರಲ್ಲಿ ಈತನೂ ಒಬ್ಬನೆಂಬುದನ್ನು ನಾವು ಮರೆಯಲಾಗದು. ಸೇನೆಯನ್ನು ಬೆಳೆಸುವ ಕಾರ್ಯದಲ್ಲಿಯೂ ಮನಃಪೂರ್ವಕವಾಗಿ ದುಡಿದವನೇ. ಆದರೆ ೧೯೩೮ರ ಮೇ ೩೦ರಂದು, ಅಕ್ಟೋಬರ್ ೧ರೊಳಗೆ ಜೆಕೋಸ್ಲೊವಾಕಿಯದ ಮೇಲೆ ಬೀಳಲು ಸಿದ್ಧವಾಗಬೇಕೆಂಬ ಆಜ್ಞೆ ಹೊರಟಾಗ, ಈತನ ಮನಸ್ಸು ತಿರುಗಿತು. ಆ ಯುದ್ಧ ಯೂರೋಪಿನ ಯುದ್ಧವಾಗುವುದು, ಜರ್ಮನಿ ಸೋಲುವುದು ಎಂದು ಒಂದಾದಮೇಲೊಂದು ನಿರೂಪಗಳನ್ನು ಬರೆದು ಸೇನಾಧಿಪತಿ ಬ್ರೌಖಿಚ್‌ನ ಮುಂದಿಟ್ಟನು. ಜುಲೈ ೧೬ರಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ಅಂತಃಸಾಕ್ಷಿ ನಿಷೇಧಿಸುವ ಕಡೆ ಸೈನಿಕನ ವಿಧೇಯತೆಗೂ ಎಲ್ಲೆಯುಂಟು. ಆದ್ದರಿಂದ ದಂಡನಾಯಕರೆಲ್ಲರೂ ಕೂಡಿ ಒಮ್ಮೆಗೇ ಅಧಿಕಾರವನ್ನು ತ್ಯಜಿಸಬೇಕು ಎಂಬುದು ಅವನ ವಾದ.

ಆಗಸ್ಟ್ ೪ರಂದು ಸೇನಾನಿಗಳು ಸಭೆ ಸೇರಿದರು. ಬೆಕ್‌ನ ನಿರೂಪವನ್ನು ಓದಲಾಯಿತು. ಯುದ್ಧವಾದರೆ ಅನರ್ಥವೆಂಬುದನ್ನು ರೈಖೆನೌ, ಬುಷ್ ಇವರ ಹೊರತು ಬಹುಮಂದಿ ಒಪ್ಪಿದರು. ಒಪ್ಪಿದರೆ ಆಯಿತೇ? ಎಲ್ಲರೂ ಕೂಡಿ ರಾಜೀನಾಮೆ ಕೊಡೋಣವೆಂಬ ಮಾತನ್ನು ಬ್ರೌಖಿಚ್ ಎತ್ತಲೇ ಇಲ್ಲ. ಸಭೆ ಮುಗಿಯಿತು. ಬೆಕ್ ಒಬ್ಬನೇ ರಾಜೀನಾಮೆ ಕೊಟ್ಟು, ೨೭ರಂದು ಅಧಿಕಾರವನ್ನು ಹಾಲ್ಡರನಿಗೆ ಒಪ್ಪಿಸಿ ಹೊರಟುಹೋದನು. ಹಿಟ್ಲರನ ಇಷ್ಟದಂತೆ ಈ ಸಂಗತಿಯನ್ನು ಗುಟ್ಟಾಗಿಟ್ಟದ್ದೂ, ಬೆಕ್ ಅದಕ್ಕೆ ಸಮ್ಮತಿಸಿದ್ದೂ ಬಹು ಶೋಚನೀಯ. ಲೋಕಕ್ಕೆ ಅದು ತಿಳಿದದ್ದು ಅಕ್ಟೋಬರ್ ಕೊನೆಯಲ್ಲಿ; ಅಷ್ಟರಲ್ಲಿ ಕಾಲ ಮಿಂಚಿತ್ತು.

ಹಾಲ್ಡರನೂ ಬರ್ಲಿನ್ ಪ್ರಾಂತದ ಸೇನಾನಿ ವಿಟ್ಸ್‌ಲೇಬೆನ್ನನೂ, ಗೂಢಚಾರ ಇಲಾಖೆಯ ಓಸ್ಟರನೂ ಕೂಡಿ, ಯುದ್ಧದ ಆಜ್ಞೆ ಹೊರಟೊಡನೆ ಹಿಟ್ಲರನನ್ನು ಸೆರೆಹಿಡಿಯುವ ಹೂಟವನ್ನು ಹೂಡಿದರು. ಜರ್ಮನಿಯಿಂದ ಲಂಡನ್ನಿಗೆ ಗುಟ್ಟಾಗಿ ದೂತರೂ ಹೋದರು. ಇಂಗ್ಲೆಂಡು ದೃಢವಾಗಿ ನಿಲ್ಲಬೇಕೆಂಬುದು ಅವರ ಪ್ರಾರ್ಥನೆ. ಆದರೆ ಸೆಪ್ಟೆಂಬರ್ ಕೊನೆಯಲ್ಲಿ ಮ್ಯೂನಿಕ್ಕಿನಲ್ಲಿ ನಾಲ್ಕು ರಾಷ್ಟ್ರಗಳ ನಾಯಕರು ಕಲೆತು, ಜೆಕ್ಕರ ಗಡಿನಾಡನ್ನು ಹಿಟ್ಲರನಿಗೆ ಬಿಟ್ಟುಕೊಟ್ಟರು. ರಕ್ತ ಚೆಲ್ಲದೆ ಗೆದ್ದು ಬಂದವನನ್ನು ಹಿಡಿಯುವುದೆಂತು? ಹೂಟ ಅಲ್ಲಿಗೇ ಮುರಿಯಿತು. ಅದು ನಡೆದಿದ್ದರೂ ಫಲಿಸುತ್ತಿದ್ದಿತೋ ಇಲ್ಲವೋ ನಾವು ನಿಶ್ಚಯಿಸಿ ಹೇಳಲಾರೆವು.

ಈ ದಂಡನಾಯಕರ ಆಕ್ಷೇಪವನ್ನು ತೂಗಿ ನೋಡುವಾಗ ಒಂದು ವಿವೇಚನೆ ಅಗತ್ಯ. ಅವರಲ್ಲಿ ಬಹುಮಂದಿಗೆ ಬೇಡವಾಗಿದ್ದುದು ಸೋಲುವ ಯುದ್ಧ. ಅನ್ಯರ ನಾಡನ್ನು ಕಸಿಯುವುದು ಅಧರ್ಮವೆಂಬ ಎಣಿಕೆ ಕೆಲವರಿಗಷ್ಟೇ ಇದ್ದಿತು. ಆದಕಾರಣವೇ ಗೆಲುವು ಕಂಡೊಡನೆ ಅವರ ಬಾಯಿ ಕಟ್ಟಿತು. ನಮ್ಮ ಮಹಾಭಾರತದಲ್ಲಿ ಭೀಷ್ಮದ್ರೋಣರು ಸಂಧಿಯಾಗಲೆಂದು ಕೌರವನಿಗೆ ಬುದ್ಧಿ ಹೇಳಿದರು. ಕೇಳದಿದ್ದಾಗ ಉಂಡ ಅನ್ನದ ಋಣಕ್ಕೆ ಕಟ್ಟುಬಿದ್ದು ಅವನ ಪಕ್ಷದಲ್ಲಿಯೇ ನಿಂತರು. ಜರ್ಮನಿಯ ಸೇನಾನಿಗಳ ಇಕ್ಕಟ್ಟೂ ಅದೇ ಜಾತಿಯದು.

೧೯೩೯ರ ಸೆಪ್ಟೆಂಬರ್ ೧ರಂದು ಯುದ್ಧ ಬಂದೇ ಬಂದಿತು. ಫ್ರಿಚ್ ಅದೇ ತಿಂಗಳು ವಾರ್ಸಾ ಬಳಿ ಮಡಿದನು. ೧೯೪೪ರ ಜುಲೈ ೨೦ರಂದು ಹಿಟ್ಲರನನ್ನು ಕೊಲ್ಲುವ ಯತ್ನ ವಿಫಲವಾದಾಗ, ಅದರ ಮುಖಂಡರಲ್ಲೊಬ್ಬನಾದ ಬೆಕ್ ಅಂದಿನ ರಾತ್ರಿಯೇ ಪ್ರಾಣ ತೆತ್ತನು. ವಿಟ್ಸ್‌ಲೇಬೆನ್ ಆಗಸ್ಟ್ ೮ರಂದು, ಓಸ್ಟರ್ ೧೯೪೫ರ ಏಪ್ರಿಲ್ ೯ರಂದು ಗಲ್ಲಿಗೇರಿದರು. ೧೯೩೮ರಲ್ಲಿ ಹಲವರು ಕೂಡಿ ಪದವಿಯನ್ನು ಬಿಟ್ಟಿದ್ದರೆ ಹೇಳಬಹುದಾಗಿದ್ದ ಮಾತನ್ನು, ಆರು ವರ್ಷಗಳ ತರುವಾಯ ಕೆಲವರು ಪ್ರಾಣವನ್ನು ಕೊಟ್ಟು ಹೇಳಬೇಕಾಯಿತು. ಆ ನಡುವೆ ಕೋಟ್ಯಂತರ ಜನ ಅಳಿದುಹೋಗಿದ್ದರು.