ರೊಕ್ಕ ಎಲ್ಲಿಂದ ಬಂತು, ಲೆಕ್ಕ ಯಾರಿಗೆ ಕೊಟ್ಟರು? ರಾಯಚೂರು ಸೀಮೆಯ ಸಂಘ–ಸಂಸ್ಥೆಗಳ ಹಣದ ಕಥೆ

ರಾಯಚೂರು, ದೇವದುರ್ಗ, ಮಾನ್ವಿ ಸುತ್ತಿದರೆ ಸಂಘ–ಸಂಸ್ಥೆಗಳ ಬೋರ್ಡುಗಳಿಗೆ ಬರವಿಲ್ಲ. ಕೆಲವದರ ಬಾಗಿಲು ತೆರೆದಿದೆ, ಕೆಲವದರ ಬೋರ್ಡಿನ ಬಣ್ಣವೇ ಹಾರಿಹೋಗಿದೆ. ‘ಎನ್‌ಜಿಒದವರು ದುಡ್ಡು ತಿಂದರು’ ಎಂಬ ಮಾತನ್ನು ಇಲ್ಲಿ ಎಲ್ಲರೂ ಕೇಳಿರುತ್ತೇವೆ. ಆದರೆ ಆ ದುಡ್ಡು ಯಾವ ದಾರಿಯಿಂದ ಬಂತು, ಅದರ ಲೆಕ್ಕವನ್ನು ಯಾರ ಮುಂದೆ ಇಡಬೇಕಿತ್ತು ಎಂದು ಕೇಳುವವರು ಕಡಿಮೆ.

ಹಳೆಯ ದಾರಿ ಜೋಳಿಗೆಯದು. ಚೀಕಲಪರ್ವಿಯ ವಿಜಯದಾಸರು, ಬ್ಯಾಗವಾಟದ ಜಗನ್ನಾಥದಾಸರು ಮಾನ್ವಿ ಸೀಮೆಯವರು. ಮೊಸರಕಲ್ಲಿನ ಗೋಪಾಲದಾಸರು ದೇವದುರ್ಗ ಸೀಮೆಯವರು. ದಾಸ ಪರಂಪರೆಯಲ್ಲಿ ಮನೆಮನೆಯ ಭಿಕ್ಷೆಯೇ ಆಧಾರ. ಕೊಟ್ಟವರ ಕಣ್ಣೆದುರೇ ಖರ್ಚಾಗುತ್ತಿದ್ದ ಆ ಕಾಳಿಗೆ ಬೇರೆ ಲೆಕ್ಕಪುಸ್ತಕ ಬೇಕಿರಲಿಲ್ಲ. ಗುಡಿ, ದರ್ಗಾಗಳಿಗೆ ಇನಾಮು ಭೂಮಿ ಇತ್ತು. ನಿಜಾಮರ ಕಾಲದಲ್ಲಿ ಅವುಗಳ ಮೇಲೆ ಕಣ್ಣಿಡಲು ‘ಉಮೂರ್–ಎ–ಮಜಹಬಿ’ ಎಂಬ ಇಲಾಖೆಯೇ ಇತ್ತು.

1920ರ ಸುಮಾರಿಗೆ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದರು. ಆಡಳಿತದಲ್ಲೂ ಶಿಕ್ಷಣದಲ್ಲೂ ಉರ್ದುವೇ ಮೇಲಾಗಿದ್ದ ಸಂಸ್ಥಾನದಲ್ಲಿ ಜನರೇ ನಿಂತು ಶಾಲೆ ನಡೆಸುವುದು ಸಣ್ಣ ಮಾತಲ್ಲ. ಮುಂದೆ ಅವರು ಊರು ಬಿಟ್ಟು ತುಂಗಭದ್ರೆಯ ದಡದಲ್ಲಿ ಪ್ರೇಮಾಯತನ ಕಟ್ಟಬೇಕಾಯಿತು. ಆದರೂ ಹೆಸರು ಉಳಿಯಿತು. ಇಂದಿಗೂ ರಾಯಚೂರಿನಲ್ಲಿ ಶಾಲೆ–ಕಾಲೇಜು ನಡೆಸುವ ಶಿಕ್ಷಣ ಸಂಸ್ಥೆಗೆ ತಾರಾನಾಥರ ಹೆಸರೇ ಇದೆ.

ಸಂಘ ಎಂಬುದು ಕಾಗದದ ಮೇಲೆ ಬಂದಿದ್ದು ಆಮೇಲೆ. ಹೈದರಾಬಾದ್ ಸಂಸ್ಥಾನ 1350 ಫಸಲಿಯಲ್ಲಿ, ಅಂದರೆ 1940ರ ಹೊತ್ತಿಗೆ, ಸಂಘಗಳ ನೋಂದಣಿಗೆ ತನ್ನದೇ ಕಾಯ್ದೆ ತಂದಿತು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಆ ಬಳಿಕ ಬಂದ 1960ರ ಸಂಘಗಳ ನೋಂದಣಿ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಇದರ ಪ್ರಕಾರ ಪ್ರತಿ ಸಂಘ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆದು, ಲೆಕ್ಕ ಒಪ್ಪಿಸಿ, ಅದನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಗಮನಿಸಿ: ಲೆಕ್ಕ ಹೋಗುವುದು ಸದಸ್ಯರಿಗೆ, ಕಚೇರಿಗೆ. ಯಾವ ಊರಿನ ಹೆಸರಿನಲ್ಲಿ ಹಣ ಬಂತೋ ಆ ಊರಿಗಲ್ಲ.

1980ರ ದಶಕದಲ್ಲಿ ಹೊಸ ದಾರಿ ತೆರೆಯಿತು. ಸಮೂಹದಂಥ ಸಂಸ್ಥೆಗಳು ದೇವದುರ್ಗ ತಾಲ್ಲೂಕಿನಲ್ಲಿ ಕೆಲಸ ಆರಂಭಿಸಿದವು. ಜಲಾನಯನ, ಆರೋಗ್ಯ, ಅಂಗವಿಕಲರ ಪುನರ್ವಸತಿ ಹೀಗೆ ಸರ್ಕಾರ ಸರಿಯಾಗಿ ಮುಟ್ಟದ ಕೆಲಸಗಳಿಗೆ ಹೊರಗಿನಿಂದ ಹಣ ಬರತೊಡಗಿತು. ಇದರ ಅಗತ್ಯ ಎಷ್ಟಿತ್ತು ಎಂಬುದಕ್ಕೆ 2002ರ ನಂಜುಂಡಪ್ಪ ಸಮಿತಿ ವರದಿ ನೋಡಿದರೆ ಸಾಕು. ಅದು ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳಲ್ಲಿ 39 ‘ಅತ್ಯಂತ ಹಿಂದುಳಿದ’ವು. ಅದರಲ್ಲಿ ದೇವದುರ್ಗವೂ ಒಂದು.

ಆದರೆ ಪ್ರಾಜೆಕ್ಟ್ ಹಣಕ್ಕೆ ಒಂದು ಗುಣವಿದೆ. ಅದಕ್ಕೆ ಮೂರು ವರ್ಷವೋ ಐದು ವರ್ಷವೋ ಆಯುಷ್ಯ. ವರದಿ ಇಂಗ್ಲಿಷಿನಲ್ಲಿ ಬರೆದು ದಾನಿಗೆ ಕಳಿಸಬೇಕು. ಅವಧಿ ಮುಗಿದರೆ ಕಾರ್ಯಕರ್ತೆಯ ಸಂಬಳವೂ ನಿಂತಿತು, ಅವಳು ನೋಡಿಕೊಳ್ಳುತ್ತಿದ್ದ ಮಕ್ಕಳ ಸಂಜೆ ಶಾಲೆಯೂ ನಿಂತಿತು.

ವಿದೇಶಿ ದೇಣಿಗೆಗೆ ತುರ್ತು ಪರಿಸ್ಥಿತಿಯ ಕಾಲದ 1976ರ ಕಾಯ್ದೆ ಮೊದಲ ಕಡಿವಾಣ. 2010ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂತು. ದೊಡ್ಡ ಪೆಟ್ಟು ಬಿದ್ದಿದ್ದು 2020ರ ತಿದ್ದುಪಡಿಯಿಂದ. ವಿದೇಶಿ ಹಣವೆಲ್ಲ ಮೊದಲು ದೆಹಲಿಯ ಸಂಸದ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕ್ ಶಾಖೆಯ ಖಾತೆಗೇ ಬರಬೇಕು. ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ಹಂಚುವಂತಿಲ್ಲ. ದುರುಪಯೋಗ ತಡೆಯಲು ಇದು ಬೇಕು ಎಂದಿತು ಸರ್ಕಾರ. ಆದರೆ ದಾನಿಯ ಭಾಷೆಯಲ್ಲಿ ಅರ್ಜಿ ಬರೆಯಬಲ್ಲ ಸಂಸ್ಥೆ ಇರುವುದು ಬೆಂಗಳೂರಿನಲ್ಲಿ. ಊರೂರು ತಿರುಗುವ ಸಂಸ್ಥೆ ಇರುವುದು ತಾಲ್ಲೂಕಿನಲ್ಲಿ. ಇವೆರಡರ ನಡುವಿನ ಸೇತುವೆಯೇ ಕಡಿಯಿತು.

ಕಂಪನಿಗಳ ಸಿಎಸ್‌ಆರ್ ಹಣ ಆ ಜಾಗ ತುಂಬೀತೇ? 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಆದರೆ ಅದೇ ಕಾಯ್ದೆ, ಕಂಪನಿ ಇರುವ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಿ ಎನ್ನುತ್ತದೆ. ಶಕ್ತಿನಗರದಲ್ಲಿ ವಿದ್ಯುತ್ ಸ್ಥಾವರವಿದೆ, ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ದೊಡ್ಡ ಕಾರ್ಖಾನೆಯಿಲ್ಲದ ಹಳ್ಳಿಗೆ ಯಾವ ಕಂಪನಿ ‘ಸುತ್ತಲಿನದು’? 2018ರಲ್ಲಿ ರಾಯಚೂರು ಕೇಂದ್ರದ ‘ಮಹತ್ವಾಕಾಂಕ್ಷೆಯ ಜಿಲ್ಲೆ’ಗಳ ಪಟ್ಟಿಗೆ ಸೇರಿದ ಮೇಲೆ ಕಂಪನಿಗಳ ಗಮನ ಇತ್ತ ಹರಿಯಲು ಒಂದು ಕಾರಣ ಸಿಕ್ಕಿತು, ಅಷ್ಟೆ.

ಇಷ್ಟೆಲ್ಲದರ ನಡುವೆ ಊರಲ್ಲೇ ಹುಟ್ಟಿ ಊರಲ್ಲೇ ಉಳಿದ ರೊಕ್ಕ ಒಂದಿದೆ. ಅದು ಹೆಣ್ಣುಮಕ್ಕಳ ಸಂಘದ ಉಳಿತಾಯ. 1992ರಲ್ಲಿ ನಬಾರ್ಡ್ 500 ಸಂಘಗಳ ಗುರಿಯೊಂದಿಗೆ ಬ್ಯಾಂಕ್ ಜೋಡಣೆ ಪ್ರಯೋಗ ಆರಂಭಿಸಿತು. 2000–01ರಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಅಂಗನವಾಡಿಗಳ ಮೂಲಕ ಅದನ್ನು ಹಳ್ಳಿಹಳ್ಳಿಗೆ ತಂದಿತು. ಹತ್ತಿಪ್ಪತ್ತು ಮಂದಿ ಕೂತು, ವಾರದ ಉಳಿತಾಯ ಎಣಿಸಿ, ಸಾಲ ಯಾರಿಗೆ ಎಂದು ಮಾತಾಡಿ, ಎಲ್ಲರ ಎದುರು ಪುಸ್ತಕಕ್ಕೆ ಬರೆಯುತ್ತಾರೆ. ಸಾಹುಕಾರನ ಬಡ್ಡಿಗಿಂತ ಇದು ಹಗುರ, ಬಡ್ಡಿಯೂ ಸಂಘಕ್ಕೇ ಉಳಿಯುತ್ತದೆ. ಮಾನ್ವಿ ತಾಲ್ಲೂಕಿನ ಪೋತ್ನಾಳದಲ್ಲಿ ದಲಿತ ಕೂಲಿ ಮಹಿಳೆಯರು ಕಟ್ಟಿಕೊಂಡ ಜಾಗೃತ ಮಹಿಳಾ ಸಂಘಟನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ಚಿಗುರು’ ಹೆಸರಿನಲ್ಲಿ ಸುಟ್ಟ ಮಣ್ಣಿನ ಆಭರಣ ಮಾಡಿ ಮಾರಿತು.

ಇದಕ್ಕೂ ಅಪಾಯವಿಲ್ಲದಿಲ್ಲ. ಗುಂಪಿನ ಹೊಣೆ ಎಂಬ ಇದೇ ಮಾದರಿಯನ್ನು ಮೈಕ್ರೋಫೈನಾನ್ಸ್ ಕಂಪನಿಗಳೂ ಹಿಡಿದವು. ಅಲ್ಲಿ ಬಡ್ಡಿ ಊರಲ್ಲಿ ಉಳಿಯುವುದಿಲ್ಲ. ವಸೂಲಿ ಕಿರುಕುಳ ಎಷ್ಟಾಯಿತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು.

ನೂರು ವರ್ಷದ ಈ ದಾರಿ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ರೊಕ್ಕ ದೂರದಿಂದ ಬಂದಷ್ಟೂ ಲೆಕ್ಕವೂ ದೂರಕ್ಕೇ ಹೋಯಿತು. ಕಾನೂನು ಬಿಗಿಯಾದಾಗ ದೆಹಲಿಗೆ ಕೊಡುವ ಲೆಕ್ಕ ಹೆಚ್ಚಾಯಿತೇ ಹೊರತು ದೇವದುರ್ಗದ ಹಳ್ಳಿಗೆ ಕೊಡುವ ಲೆಕ್ಕ ಹೆಚ್ಚಲಿಲ್ಲ. ಉದ್ಯೋಗ ಖಾತ್ರಿ ಕೆಲಸದ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿ ಸಾಮಾಜಿಕ ಪರಿಶೋಧನೆ ಮಾಡುವ ಪದ್ಧತಿಯನ್ನು ಇದೇ ಜಿಲ್ಲೆ ಕಂಡಿದೆ. ಊರಿನ ಹೆಸರಲ್ಲಿ ಹಣ ತಂದ ಸಂಸ್ಥೆಯೂ ವರ್ಷಕ್ಕೊಮ್ಮೆ ಅದೇ ಕಟ್ಟೆಯ ಮೇಲೆ, ಕನ್ನಡದಲ್ಲಿ, ಒಂದು ಪುಟದ ಲೆಕ್ಕ ಓದಲಿ. ಪ್ರಾಮಾಣಿಕವಾಗಿ ದುಡಿಯುವ ಸಂಸ್ಥೆಗಳನ್ನು ‘ದುಡ್ಡು ತಿಂದರು’ ಎಂಬ ಮಾತಿನಿಂದ ಕಾಪಾಡುವುದೂ ಅದೇ.